ಹೆಸರಿಲ್ಲದ ಅತಿಥಿ ತಿದ್ದಿದ ಪ್ರವಾಸದ ಯೋಜನೆ

2023ರ ಬೇಸಿಗೆ. ವಿಜಯನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಾನು ಜರ್ಮನ್ ಕ್ಲಾಸು ನಡೆಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕಾಲೇಜಿನಲ್ಲಿ ಜರ್ಮನ್ ಓದಿದವನಲ್ಲ ನಾನು. ಪೀಣ್ಯದ ಕಾರ್ಖಾನೆಗಳಲ್ಲಿ ಜರ್ಮನ್ ಮೆಷಿನ್‌ಗಳ ಸರ್ವೀಸ್ ಮಾಡುತ್ತ, ಅವುಗಳ ಮ್ಯಾನ್ಯುಯಲ್ ಓದುತ್ತ, ಅಲ್ಲಿಂದ ಬರುವ ಇಂಜಿನಿಯರುಗಳ ಜೊತೆ ಬಿಡಿಭಾಗಗಳ ಬೆಲೆಗೆ ಜಗ್ಗಾಡುತ್ತ ಕಲಿತವನು. ಚೌಕಾಸಿ ಮಾಡುತ್ತ ಕಲಿತ ಭಾಷೆ ಮರೆಯುವುದಿಲ್ಲ. ಯಾವ ಭಾಷೆ ಕಲಿಯುವವರಿಗೂ ನಾನು ಕೊಡುವ ಮೊದಲ ಸಲಹೆ ಇದೇ.

ಆ ಬ್ಯಾಚಿನಲ್ಲಿ ಹನ್ನೊಂದು ಜನ, ಎಲ್ಲರೂ ಜರ್ಮನಿಯ ಆಸ್ಪತ್ರೆ ಕೆಲಸಕ್ಕೆ ಪ್ರಯತ್ನಿಸುತ್ತಿದ್ದ ನರ್ಸುಗಳು. ಬಿ-ಒನ್ ಹಂತ, ಅಂದರೆ ಆರು ಮೆಟ್ಟಿಲುಗಳಲ್ಲಿ ಮೂರನೆಯದು. ಬೆಳಿಗ್ಗೆ ಆರೂವರೆಗೆ ಆನ್‌ಲೈನ್ ಪಾಠ. ಕೋರ್ಸಿನ ಕೊನೆಗೆ 'ಇವರಿಗೆ ಮಾತನಾಡಲು ಬರುತ್ತದೆ' ಎಂದು ನಾನು ಬರೆದುಕೊಟ್ಟರೆ ಮಾತ್ರ ಏಜೆನ್ಸಿಯವರು ಇಂಟರ್‌ವ್ಯೂಗೆ ಹೆಸರು ಕಳಿಸುತ್ತಿದ್ದರು. ಹಿಂದಿನ ಬ್ಯಾಚಿನ ಒಬ್ಬ ಹೋಂವರ್ಕನ್ನೆಲ್ಲ ಕೆಂಗೇರಿಯಲ್ಲಿದ್ದ ತನ್ನ ಅಣ್ಣನಿಂದ ಬರೆಸಿ, ಇಂಟರ್‌ವ್ಯೂನಲ್ಲಿ ಬಾಯಿಬಿಡದೆ ಕೂತಿದ್ದ. "ನಿಮ್ ಸೈನ್ ನಂಬಿ ಮರ್ಯಾದೆ ಹೋಯ್ತು ಸಾರ್" ಎಂದಿದ್ದರು ಏಜೆನ್ಸಿಯವರು. ಆಮೇಲೆ ನಾನು ಯಾರನ್ನೂ ಸುಮ್ಮನೆ ನಂಬುತ್ತಿರಲಿಲ್ಲ.

ಕೋರ್ಸಿನ ಕೊನೆಯ ಪ್ರಾಜೆಕ್ಟು ರಜಾ ಪ್ರವಾಸದ ಯೋಜನೆ. ಪ್ರತಿಯೊಬ್ಬರೂ ಒಂದು ಜರ್ಮನ್ ಊರಿಗೆ ಏಳು ದಿನದ ಪ್ರವಾಸ ಹೊಂದಿಸಬೇಕು. ರೈಲಿನ ವೇಳೆ, ಮ್ಯೂಸಿಯಂ, ಊಟ ಎಲ್ಲವನ್ನೂ ಅಲ್ಲಿನ ವೆಬ್‌ಸೈಟುಗಳಲ್ಲೇ ಹುಡುಕಿ, ನಾನು ನೋಡಲು ಸಾಧ್ಯವಾಗುವ ಆನ್‌ಲೈನ್ ಕಡತದಲ್ಲಿ ಬರೆಯಬೇಕು. ಒಂದು ನಿಜವಾದ ಗೆಸ್ಟ್‌ಹೌಸಿಗೆ ಇಮೇಲ್ ಮಾಡಿ, ರೂಮು ಕೇಳಿ, ರೇಟಿನಲ್ಲಿ ಸ್ವಲ್ಪವಾದರೂ ಇಳಿಸಬೇಕು. ಈ ಕೊನೆಯ ಷರತ್ತು ನನ್ನದೇ ಐಡಿಯಾ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಬಸವೇಶ್ವರನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಶೋಭಾ ಎಂಬಾಕೆಯ ಕಡತ ನೋಡಿದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅವಳ ಭಾನುವಾರದ ಪಟ್ಟಿಯಲ್ಲಿ ಅಂಗಡಿಯ ಸುದ್ದಿಯೇ ಇಲ್ಲ. 'ಶನಿವಾರ ಸಂಜೆಯೇ ಬ್ರೆಡ್ಡು, ಹಾಲು ತಂದಿಟ್ಟುಕೊಳ್ಳುವುದು' ಎಂದಿತ್ತು. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದು ಅಲ್ಲಿ ಬದುಕಿದವರಿಗೆ ನೆನಪಾಗುವ ಮಾತು. ಲಗ್ಗೆರೆಯಲ್ಲೇ ಹುಟ್ಟಿ ಬೆಳೆದ ಈ ಹುಡುಗಿಗೆ ಹೇಗೆ ಹೊಳೆಯಿತು? ಯಾವ ವಾಕ್ಯವನ್ನು ಯಾರು, ಯಾವಾಗ ಬದಲಿಸಿದರು ಎಂಬುದನ್ನು ಆ ಕಡತ ತಾನೇ ದಾಖಲಿಸಿಕೊಳ್ಳುತ್ತದೆ. ತೆಗೆದು ನೋಡಿದೆ. ದಿನವೂ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯ ನಡುವೆ ಹೆಸರಿಲ್ಲದ ಅತಿಥಿಯೊಬ್ಬರು ಬಂದು ವಾಕ್ಯಗಳನ್ನು ತಿದ್ದಿ ಹೋಗಿದ್ದರು. ಆ ಹೊತ್ತಿಗೆ ಶೋಭಾ ವಾರ್ಡಿನಲ್ಲಿ ಡ್ಯೂಟಿಯಲ್ಲಿರುತ್ತಾಳೆ. ಸಾಲದ್ದಕ್ಕೆ, ಮನೆಯಲ್ಲಿರುವುದು ಒಂದೇ ರೂಮು, ಎಲ್ಲರೂ ಮಲಗಿರುತ್ತಾರೆ ಎಂದು ಹೇಳಿ ಕ್ಲಾಸಿನಲ್ಲಿ ಅವಳು ಕ್ಯಾಮೆರಾ ಹಾಕಿದ್ದೇ ಇಲ್ಲ.

ಇದು ಬುಧವಾರದ ಮಾತು. ಏಜೆನ್ಸಿಯಿಂದ ಜರ್ಮನಿಗೆ ಶುಕ್ರವಾರ ಹೆಸರುಗಳು ಹೋಗಬೇಕಿತ್ತು. ನಾನು ಏಜೆನ್ಸಿಗೆ ಹತ್ತು ಜನರ ಪತ್ರ ಕಳಿಸಿ, ಶೋಭಾಳ ಹೆಸರನ್ನು ಸದ್ಯಕ್ಕೆ ತಡೆಹಿಡಿಯಲು ಹೇಳಿದೆ; ಒಂದು ಹೆಸರನ್ನು ಎರಡು ದಿನ ತಡವಾಗಿಯೂ ಸೇರಿಸಬಹುದು ಅಂದುಕೊಂಡಿದ್ದೆ. ಅವಳಿಗೆ ಏನೂ ತಿಳಿಸಲಿಲ್ಲ. ಸುಳಿವು ಕೊಟ್ಟರೆ ತಯಾರಾಗಿ ಬರುತ್ತಾಳೆ, ಶನಿವಾರ ಅವಳ ರಜೆ, ಎದುರಿಗೆ ಕೂರಿಸಿಕೊಂಡೇ ಹಿಡಿಯೋಣ ಎಂದು ನನ್ನ ಲೆಕ್ಕ.

ಕ್ಲಾಸಿಗೆ ಬಂದು ಹೋಗು ಎಂದಷ್ಟೇ ಹೇಳಿದ್ದೆ; ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಬಂದಳು. ನಾನು ನೇರವಾಗಿ ಕೇಳಿದೆ: "ಯಾರಮ್ಮ ನಿನಗೆ ಬರ್ಕೊಡ್ತಿರೋದು?"

"ಬರ್ಕೊಟ್ಟಿಲ್ಲ ಸಾರ್. ತಿದ್ತಾರೆ ಅಷ್ಟೇ."

"ಯಾರು?"

"ಗೆಸ್ಟ್‌ಹೌಸ್ ಅಜ್ಜಿ."

"ನನಗೇ ಕಥೆ ಹೇಳ್ತೀಯಾ?"

"ಕಥೆ ಯಾಕೆ ಸಾರ್, ಈಗ್ಲೇ ಮಾತಾಡಿ" ಎಂದು ಫೋನು ತೆಗೆದು ವೀಡಿಯೋ ಕಾಲ್ ಮಾಡಿಯೇಬಿಟ್ಟಳು. ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಬಿಳಿಕೂದಲಿನ ಹೆಂಗಸೊಬ್ಬರು ಕಾಫಿ ಬಟ್ಟಲು ಹಿಡಿದು ಕೂತಿದ್ದರು. ಶೋಭಾ ನನ್ನನ್ನು ಪರಿಚಯಿಸಿದ ಕೂಡಲೇ ಅವರು ಜರ್ಮನ್‌ನಲ್ಲಿ ಶುರುಮಾಡಿದರು: "ಓಹೋ, ಬರದ ಅತಿಥಿಗಳಿಗೆ ರೂಮು ಕೇಳಲು ಹೇಳಿಕೊಡುವ ಮೇಷ್ಟ್ರು ನೀವೇನಾ? ಈ ಹುಡುಗಿಗೆಂದು ರೂಮು ಇಟ್ಟುಕೊಂಡು, ಬಂದ ದಂಪತಿಯನ್ನು ವಾಪಸ್ ಕಳಿಸಿದೆ ನಾನು!"

ಮೂವತ್ತು ವರ್ಷ ಜರ್ಮನ್ ಆಡಿದ ನನಗೆ 'ಕ್ಷಮಿಸಿ' ಬಿಟ್ಟು ಬೇರೆ ಪದ ಸಿಗಲಿಲ್ಲ. ಮುಂದಿನದನ್ನು ಅವರೇ ಹೇಳಿದರು. ರೂಮು ಕೇಳಿದ ಮೂರನೆಯ ದಿನ ಶೋಭಾ ತಾನಾಗಿ ಬರೆದು, ಇದು ಕ್ಲಾಸಿನ ಅಭ್ಯಾಸ, ನಾನು ಬರುವವಳಲ್ಲ ಎಂದು ಒಪ್ಪಿಕೊಂಡಿದ್ದಳು. ಮೊದಲು ಇವರಿಗೆ ಸಿಟ್ಟು ಬಂತು. ಆಮೇಲೆ, ನಿಜ ಹೇಳಿದವಳು ತಪ್ಪಿಲ್ಲದೆ ಬರೆಯಲಿ ಎಂದು ಅವಳ ಕಡತದ ಲಿಂಕ್ ಕೇಳಿ, ತಿಂಡಿಯ ನಂತರ ದಿನಾ ತಿದ್ದುತ್ತಿದ್ದರು. ಭಾನುವಾರದ ಬ್ರೆಡ್ಡಿನ ಬುದ್ಧಿಯೂ ಅವರದ್ದೇ.

ಕಾಲ್ ಮುಗಿದ ಮೇಲೆ ಶೋಭಾಳನ್ನು ಕೇಳಿದೆ, "ಬೇರೆ ಯಾರೂ ಹೇಳ್ಲಿಲ್ಲ, ನೀನ್ಯಾಕೆ ಹೇಳೋಕೆ ಹೋದೆ?"

"ನಮ್ಮಮ್ಮ ಹೂವು ಮಾರ್ತಾರೆ ಸಾರ್. ಬೋಣಿ ಹೊತ್ತಲ್ಲಿ, ಇನ್ನೂ ಮೊದಲ್ನೇ ವ್ಯಾಪಾರನೇ ಆಗಿರಲ್ಲ, ಯಾರಾದ್ರೂ ರೇಟ್ ಕೇಳಿ ಚೌಕಾಸಿ ಮಾಡಿ ಹಂಗೇ ಎದ್ದೋದ್ರೆ, ಇಡೀ ದಿನ ಕೆಟ್ಟೋಯ್ತು ಅಂತ ಅಮ್ಮ ಬೈಕೋತಾರೆ. ಆಯಮ್ಮಂದೂ ಅಂಗಡಿನೇ ಅಲ್ವಾ?"

ಕಾಗದವಿಲ್ಲದೆ ಇಪ್ಪತ್ತು ನಿಮಿಷ ಮಾತನಾಡಿಸಿದೆ. ತಡವರಿಸಿದಳು, ತಪ್ಪಿದಳು, ತಾನೇ ಸರಿಮಾಡಿಕೊಂಡಳು. ಎರವಲು ತಂದ ಭಾಷೆ ಹಾಗೆ ತನ್ನನ್ನು ತಾನು ಸರಿಮಾಡಿಕೊಳ್ಳುವುದಿಲ್ಲ. ಅವಳೆದುರೇ ಏಜೆನ್ಸಿಗೆ ಫೋನು ಹಚ್ಚಿದೆ.

"ನೀವೇ ಬೇಡ ಅಂದ್ರಲ್ಲ ಸಾರ್! ನಿನ್ನೆ ಸಂಜೆನೇ ಬೇರೆ ಕ್ಲಾಸಿನ ಹುಡ್ಗಿ ಹೆಸರು ಹಾಕಿ ಕಳ್ಸಿಬಿಟ್ವಿ" ಎಂದರು. ನಾನು ಹೊಗಳಿದೆ, ಗದರಿಸಿದೆ, ಹಳೆಯ ಉಪಕಾರಗಳನ್ನು ಎತ್ತಿ ಆಡಿದೆ. ನನ್ನ ಯಾವ ಚೌಕಾಸಿಯೂ ನಡೆಯಲಿಲ್ಲ. ಮುಂದಿನ ಇಂಟರ್‌ವ್ಯೂ ಇನ್ನು ಐದು ತಿಂಗಳಿಗೆ.

ಶೋಭಾ ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, "ಬುಧವಾರನೇ ಒಂದು ಫೋನ್ ಮಾಡಿದ್ರೆ ಲಂಚ್ ಟೈಮಲ್ಲೇ ಬರ್ತಿದ್ನಲ್ಲ ಸಾರ್. ಅರ್ಧ ಗಂಟೆ ದಾರಿ" ಎಂದಳು.

ಐದು ತಿಂಗಳ ನಂತರ ಆಯ್ಕೆಯಾಗಿ ಹೋದಳು. ಹೋಗುವವರೆಗೂ ಅದೇ ವಾರ್ಡು, ಅದೇ ಒಂದು ರೂಮಿನ ಮನೆ. ಈಗ ನನ್ನ ವಿದ್ಯಾರ್ಥಿಗಳ ಇಮೇಲಿನ ಮೊದಲ ಸಾಲಿನಲ್ಲೇ ಇದು ತರಗತಿಯ ಅಭ್ಯಾಸ ಎಂದಿರುತ್ತದೆ. ಆದರೂ ಅರ್ಧಕ್ಕರ್ಧ ಜನ ಉತ್ತರಿಸುತ್ತಾರೆ, ರೇಟೂ ಇಳಿಸುತ್ತಾರೆ.

ಅನುಮಾನವೇ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಹಿ ಹಾಕುವ ಕೆಲಸದಲ್ಲಿ ಇರುವವರು ಅನುಮಾನಪಡಲೇಬೇಕು. ಆದರೆ ಅನುಮಾನ ಬಂದ ದಿನವೇ, ಆ ಮನುಷ್ಯರನ್ನೇ ಕೇಳಿಬಿಡಿ. ಸುಳಿವು ಸಿಕ್ಕರೆ ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂದು ನಾನು ಮೂರು ದಿನ ಬಾಯಿ ಮುಚ್ಚಿಕೊಂಡೆ. ಕಳ್ಳರೇ ಇರಲಿಲ್ಲ, ಐದು ತಿಂಗಳು ಕಾದವಳು ಮಾತ್ರ ಇದ್ದಳು.