ಫ್ಯಾನಿಲ್ಲದ ರೂಟರ್

ವರ್ಷಗಟ್ಟಲೆ ನನ್ನ ಪ್ರಾಣ ತಿಂದ ರೂಟರ್ ಅದು. ಊರಿನ ಮನೆಗಳಿಗೆಲ್ಲ ಇಂಟರ್ನೆಟ್ ಹಂಚಬೇಕು, ಎಲ್ಲರೂ ಒಟ್ಟಿಗೆ ನುಗ್ಗಿದರೂ ತಡವರಿಸಬಾರದು, ಮನೆಗಳು ಹೆಚ್ಚಿದರೆ ಪಕ್ಕಕ್ಕೆ ಇನ್ನೊಂದನ್ನು ಜೋಡಿಸಿದರೆ ಸಾಕಾಗಬೇಕು. ನಮ್ಮ ಕಡೆಯ ಧೂಳಿಗೆ ಫ್ಯಾನು ಬಾಳುವುದಿಲ್ಲವೆಂದು ಫ್ಯಾನನ್ನೇ ಕಿತ್ತೆಸೆದಿದ್ದೆ. ಬಿಸಿಯೆಲ್ಲ ಅದರ ನೆತ್ತಿಯ ಮೇಲಿನ, ಬಾಚಣಿಗೆಯಂಥ ಅಲ್ಯೂಮಿನಿಯಂ ಹಲ್ಲುಗಳಿಂದ ಹೊರಗೆ ಹೋಗಬೇಕು. ಆ ಹಲ್ಲುಗಳ ಮೇಲೆ ನನಗೆ ಎಲ್ಲಿಲ್ಲದ ಜಂಬ.

ಬೇಸಿಗೆಯಿಡೀ ನಿಲ್ಲದೆ ನಡೆದರೆ ತಯಾರಿಕೆಗೆ, ಇಲ್ಲವಾದರೆ ವಿನ್ಯಾಸ ವಿಭಾಗವನ್ನೇ ಮುಚ್ಚುವುದು ಎಂದಿದ್ದರು ಶ್ರೀರಂಗಪಟ್ಟಣದ ನಮ್ಮ ಪುಟ್ಟ ಕಂಪನಿಯ ಯಜಮಾನರು. ಪರೀಕ್ಷೆಗೆ ಅರಕೆರೆಯ ನಮ್ಮ ಮನೆಯನ್ನೇ ಆರಿಸಿದೆ. ಕಬ್ಬಿನ ಟ್ರಾಕ್ಟರುಗಳ ಧೂಳು, ಏರಿಳಿಯುವ ಕರೆಂಟು, ಏನೂ ಕಮ್ಮಿಯಿರಲಿಲ್ಲ. ಟಿವಿ ಪಕ್ಕ ಇಟ್ಟು, ಭಾನುವಾರವೂ ಬಿಡದೆ ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದೆ.

ದಿನಾ ಮಧ್ಯಾಹ್ನ ಅದು ಕಾದು ಸಾಯುವುದು ಆಫೀಸಿನ ಕಂಪ್ಯೂಟರಿನಲ್ಲೇ ಕಾಣುತ್ತಿತ್ತು, ಸಂಜೆ ತಾನಾಗಿ ಎದ್ದು ಕೂರುತ್ತಿತ್ತು. ಬಿಸಿಲಿನ ಕಾಟವೆಂದು ಹಲ್ಲು ಎತ್ತರ ಮಾಡಿದೆ, ವೇಗ ತಗ್ಗಿಸಿದೆ. ಊಟ ಸೇರಲಿಲ್ಲ. ನನಗೆ ಈ ವಿದ್ಯೆಯೇ ಬರುವುದಿಲ್ಲ ಎನಿಸಿ ಬಸ್ಸಿನಲ್ಲಿ ಕೂತು ಅತ್ತದ್ದೂ ಉಂಟು. ಕೊನೆಗೆ ಯಜಮಾನರು ವಿಭಾಗ ಮುಚ್ಚಿದರು.

ಆ ದಿನ ಮಧ್ಯಾಹ್ನವೇ ಮನೆಗೆ ಬಂದೆ. ರೂಟರಿಗೆ ಹಳೇ ಸೀರೆಯ ಗವಸು, ಅಳತೆಗೆ ಸರಿಯಾಗಿ ಹೊಲಿದದ್ದು, ಅಂಚಿಗೆ ಜರಿ ಬೇರೆ. ಎತ್ತಿ ನೋಡಿದರೆ ಹಲ್ಲುಗಳು ಕೈ ಸುಡುವಷ್ಟು ಕಾದಿದ್ದವು. ಟಿವಿಗೆ, ಮಿಕ್ಸಿಗೆ ಮುಚ್ಚುವಂತೆ ನಮ್ಮತ್ತೆ ಇದಕ್ಕೂ ಮುಚ್ಚಿದ್ದರು.

"ಧೂಳ್ ಕೂತ್ಕತದೆ ಕಣವ್ವ. ನೀನ್ ಬಸ್ಸತ್ತಿದ್ ಮ್ಯಾಲೆ ಆಕ್ಬುಡ್ತೀನಿ, ದೀಪ ಅಚ್ಚೋವಾಗ ತೆಗಿತೀನಿ. ನೀನ್ ಎತ್ರ ಮಾಡ್ದಲ್ಲ, ಆವಾಗ ಬಿಚ್ಚಿ ಇನ್ನೊಂದ್ಕಿತ ಒಲ್ದೆ," ಎಂದರು. ನನ್ನ ಕೆಲಸದ ಬಗ್ಗೆ ಒಂದು ದಿನವೂ ಒಳ್ಳೆಯ ಮಾತಾಡದಿದ್ದ ಅತ್ತೆ.

ಹಿತ್ತಲಿಗೆ ಹೋಗಿ ಯಜಮಾನರಿಗೆ ಫೋನ್ ಮಾಡಿ, ಗವಸಿನ ವಿಷಯ ಹೇಳಿ, ಇನ್ನೊಂದು ಬೇಸಿಗೆ ಕೊಡಿ ಎಂದು ಅಂಗಲಾಚಿದೆ.

"ಯಾರ ಮನೇಲಮ್ಮ ಬಟ್ಟೆ ಮುಚ್ಚಲ್ಲ?" ಎಂದರು. "ಬಟ್ಟೆಗೆ ಸಾಯೋದನ್ನ ಊರಿಗೆ ಹೆಂಗ್ ಕೊಡೋದು?"

ಚೆನ್ನಾಗಿ ಜಾಡಿಸಬೇಕೆಂದು ಬಾಯಿ ತೆರೆದೆ. ಹಾಗೇ ಫೋನ್ ಇಟ್ಟುಬಿಟ್ಟೆ. ಅವರು ಹೇಳಿದ್ದು ಸರಿಯಾಗಿತ್ತು. ಧೂಳನ್ನು ಎಣಿಸಿದ್ದೆ, ಕರೆಂಟನ್ನು ಎಣಿಸಿದ್ದೆ, ನಮ್ಮತ್ತೆಯನ್ನು ಎಣಿಸಿರಲಿಲ್ಲ.

ಕಂಪನಿಯವರು ರೂಟರನ್ನು ಹೊತ್ತುಕೊಂಡು ಹೋದರು. ಅತ್ತೆ ಗವಸನ್ನು ಒಗೆದು, ಒಣಗಿಸಿ, ಮಡಿಸಿ ತಂದು ನನ್ನ ಕೈಗಿಟ್ಟರು.

"ಮಡಗಿರು. ಇನ್ನೊಂದ್ ಮಾಡ್ತೀಯಲ್ಲ, ಅದ್ಕೂ ಆಯ್ತದೆ."

ಹೂಂ ಎಂದೆ. ಗವಸು ಈಗಲೂ ನನ್ನ ಸೀರೆಗಳ ಅಡಿಯಲ್ಲಿದೆ. ಇನ್ನೊಂದನ್ನು ನಾನು ಮಾಡಲಿಲ್ಲ.