ಶಶಿಯ ಮೊದಲ ಸಾಲು

ನನ್ನ ತಂಗಿ ಶಶಿ ಒಂದು ಪ್ರಬಂಧ ಶುರು ಮಾಡಿದ್ದಳು. ಅದನ್ನು ಮುಗಿಸಲು ನಾನು ಬಿಡಲಿಲ್ಲ. ಅಡಿಕೆಯನ್ನು ಇನ್ನೂ ಕೈಯಲ್ಲೇ ಸುಲಿಯುತ್ತಿದ್ದ ಕಾಲ ಅದು. ಆಗ ಬಸವಾಪಟ್ಟಣದ ಹೆಂಗಸರ ಸಾಲಿನಲ್ಲಿ ಕೂತವರಿಗೆ ನಾನು ಹೇಳುವ ಜಾಗ ಕಣ್ಣಿಗೆ ಕಟ್ಟೀತು.

ಏಳನೇ ಕ್ಲಾಸಿನಲ್ಲಿ ಫೇಲಾದ ಮೇಲೆ ನಾನು ಶಾಲೆ ಬಿಟ್ಟು ಅವ್ವನ ಜೊತೆ ಅಡಿಕೆ ಸುಲಿಯಲು ಹೋಗುತ್ತಿದ್ದೆ. ತಗಡಿನ ಚಪ್ಪರದ ಕೆಳಗೆ ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಹತ್ತು ಮೆಟ್ಟುಗತ್ತಿ, ಪಕ್ಕದ ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ. ಸಂಜೆಗೆ ಮಂಡಕ್ಕಿ, ತಲೆಗೊಂದು ಮೆಣಸಿನಕಾಯಿ ಬಜ್ಜಿ. ಬೇಸರ ಕಳೆಯಲು ಹೆಂಗಸರು ಎರಡು ಪಕ್ಷವಾಗಿ ವಾದ ಮಾಡುತ್ತಿದ್ದರು. ತವರು ಇದೇ ಊರಲ್ಲಿದ್ದರೆ ಒಳ್ಳೆಯದೋ, ದೂರದ ಜಗಳೂರಿನಲ್ಲಿದ್ದರೆ ಒಳ್ಳೆಯದೋ, ಇಂಥವೇ. ಸೋತವರು ತಮ್ಮ ಬಜ್ಜಿಯನ್ನು ಗೆದ್ದವರಿಗೆ ಕೊಡಬೇಕು. ನಾನಿದ್ದ ಪಕ್ಷ ಬಜ್ಜಿ ಕಳೆದುಕೊಂಡದ್ದು ಕಡಿಮೆ.

ಮರುವರ್ಷ ಶಶಿ ಅದೇ ಏಳನೇ ಕ್ಲಾಸಿಗೆ ಬಂದಳು. ಮಕ್ಕಳನ್ನು ಫೇಲ್ ಮಾಡುವುದು ಸರಿಯೋ ತಪ್ಪೋ, ಒಂದು ಪಕ್ಷ ಹಿಡಿದು ಬರೆಯಿರಿ ಎಂದಿದ್ದರು ಮೇಷ್ಟ್ರು. ಚೆನ್ನಾಗಿ ಬರೆದ ಒಬ್ಬರನ್ನು ಚನ್ನಗಿರಿಯ ಸ್ಪರ್ಧೆಗೆ ಕರೆದೊಯ್ಯುವವರಿದ್ದರು. ಶಶಿಗೆ ಹೋಗಲೇಬೇಕಿತ್ತು. ಭಾನುವಾರ ನೋಟ್‌ಬುಕ್ ಹಿಡಿದು ಚಪ್ಪರಕ್ಕೇ ಬಂದಳು.

"ಅಕ್ಕಾ, ಶುರು ಮಾಡಾಕೇ ಬರ್ತಿಲ್ಲ. ನೀನು ಇಲ್ಲಿ ಹೆಂಗೆ ಶುರು ಮಾಡ್ತೀಯ?"

"ಕಣ್ಣಾರೆ ಕಂಡಿದ್ದು ಒಂದು ಮೊದ್ಲು ಹೇಳಿಬಿಡ್ತೀನಿ. ಕಂಡಿದ್ದನ್ನ ಯಾರೂ ಇಲ್ಲ ಅನ್ನಾಕಾಗಲ್ಲ."

ಅವಳು ಚೀಲದ ಮೇಲೆ ಕೂತು ಬರೆದಳು.

"ಗಟ್ಟಿಯಾಗಿ ಓದೇ, ನಾವೂ ಕೇಳ್ತೀವಿ," ಅಂದಳು ಹಾಲಮ್ಮ, ನಮ್ಮೆಲ್ಲರಿಗೂ ಹಿರಿಯಳು.

ಶಶಿ ಓದಿದಳು: "ನಮ್ಮ ಅಕ್ಕ ಏಳನೇ ತರಗತಿಯಲ್ಲಿ ಫೇಲಾದಳು. ಆದರೆ ವಾದದಲ್ಲಿ ಅವಳನ್ನು ಗೆದ್ದವರನ್ನು ನಾನು ನೋಡಿಲ್ಲ."

"ಹಂಗಾದ್ರೆ ಇವಳು ಫೇಲಾದ ಲಾಯರಮ್ಮ," ಅಂದಳು ಹಾಲಮ್ಮ. ಹೆಂಗಸರೆಲ್ಲ ನಕ್ಕರು. ಅವ್ವನೂ ನಕ್ಕಳು.

ನನ್ನ ಕಿವಿಯಲ್ಲಿ ಉಳಿದದ್ದು ಮೊದಲ ವಾಕ್ಯ ಮಾತ್ರ. ಅಡಿಕೆ ಸುಲಿದು ಕಪ್ಪು ಹಿಡಿದ ಕೈಯಲ್ಲೇ ನೋಟ್‌ಬುಕ್ ಕಿತ್ತುಕೊಂಡು, ಆ ಹಾಳೆ ಹರಿದು ಹಂಡೆಯ ಒಲೆಗೆ ಹಾಕಿದೆ.

"ನನ್ನ ಮಾನ ಚನ್ನಗಿರಿಗಂಟ ಹೊತ್ಕೊಂಡು ಹೋಗ್ಬೇಕಾ ನೀನು?"

"ನೀನೇ ಹೇಳಿದ್ಯಲ್ಲಕ್ಕಾ, ಕಂಡಿದ್ದು ಹೇಳ್ಬೇಕು ಅಂತ."

ನಾನು ಮತ್ತೆ ಮೆಟ್ಟುಗತ್ತಿಯ ಮುಂದೆ ಹೋಗಿ ಕೂತೆ. ಅವಳು ಇನ್ನೊಂದು ಹಾಳೆ ತೆರೆದು ಸಂಜೆಯವರೆಗೆ ಕೂತಳು. ತಾರೀಕು ಬರೆದಳು, ಅಷ್ಟೆ. ಮತ್ತೆ ಅದನ್ನೇ ಬರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಬಜ್ಜಿ ಕೊಡಲು ಹೋದೆ, ಬೇಡ ಅಂದಳು. ಸೋಮವಾರ ಗೆಳತಿಯದನ್ನು ನೋಡಿ ಬರೆದು ಕೊಟ್ಟಳಂತೆ. ಚನ್ನಗಿರಿಗೆ ಬೇರೆ ಹುಡುಗಿ ಹೋದಳು.

ಈಗ ಸುಲಿಯುವುದಕ್ಕೆ ಮಷೀನು ಬಂದಿದೆ. ಅದರ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ಹಾಲಮ್ಮ ತೀರಿಹೋಗಿ ವರ್ಷಗಳಾದವು. ಮೊನ್ನೆ ಹೊನ್ನಾಳಿಯಲ್ಲಿರುವ ಶಶಿಯ ಮನೆಗೆ ಹೋಗಿದ್ದೆ. ಅವಳ ಮಗಳು ಶಾಲೆಯ ಪ್ರಬಂಧಕ್ಕೆ ಹಾಳೆ ಹಿಡಿದು ಬಂದು, "ಅಮ್ಮಾ, ಮೊದಲನೇ ಸಾಲು ಹೇಳು," ಎಂದಳು.

"ಮೊಬೈಲ್‌ನಾಗೆ ನೋಡಿ ಬರ್ಕೊಳ್ಳೇ. ನಂಗೆ ಶುರು ಮಾಡಾಕೆ ಬರಲ್ಲ," ಅಂದಳು ಶಶಿ, ಅಕ್ಕಿ ಆರಿಸುತ್ತಾ. ದನಿಯಲ್ಲಿ ಬೇಸರವೇನೂ ಇರಲಿಲ್ಲ.

ಅವಳ ಕೈಯಿಂದ ಮೊರ ತೆಗೆದು ಕೆಳಗಿಟ್ಟೆ.

"ಬರ್ತಿತ್ತು ಕಣೇ ನಿಂಗೆ. ನೀನು ಬರೆದಿದ್ದು ಸರಿಯಾಗೇ ಇತ್ತು. ನಾನು ಅದನ್ನ ಒಲೆಗೆ ಹಾಕಿದ್ದು ತಪ್ಪಾಯ್ತು, ಶಶಿ."