ಊರಿಗೆ ಸುಳ್ಳು ಕೂಗದ ವಿಲ್ದಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಂತಾ ಮಂಗ್ಲೆಯ ಕಡಲ ದಂಡೆಯ ಓಣಿಯಲ್ಲಿ ವಿಲ್ದಾ ಸಂತಾಲಿಸ್ ತಮ್ಮ ಹಳೆಯ ಪಿಕಪ್ ಗಾಡಿಯ ಮೇಲೆ ಹತ್ತಿ ನಿಂತಿದ್ದಾರೆ. ಒದ್ದೆ ಬಟ್ಟೆಯಿಂದ ಧ್ವನಿವರ್ಧಕಗಳ ಬಾಯಿಗೆ ಮೆತ್ತಿದ ಉಪ್ಪನ್ನು ಒರೆಸುತ್ತಿದ್ದಾರೆ. ಕಡಲ ಗಾಳಿ ಕಬ್ಬಿಣವನ್ನು ತಿನ್ನುತ್ತದೆ; ಎರಡು ದಿನ ಸುಮ್ಮನೆ ಬಿಟ್ಟರೆ ದನಿಗೆ ನೆಗಡಿ ಹಿಡಿಯುತ್ತದೆ ಎನ್ನುತ್ತಾರೆ ಅವರು. ಎದುರು ಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಛಾವಣಿ ರಿಪೇರಿಯ ಚೆಲೋ, ನಿದ್ದೆಗಣ್ಣಲ್ಲಿ.

“ವಿಲ್ದಾ, ಇವತ್ತು ಯಾರು ಸತ್ರು?”

“ನೀನಂತೂ ಅಲ್ಲ. ಮುಖ ತೊಳ್ಕೋ ಹೋಗು.”

ಪೋರ್ಟೊ ರಿಕೋದ ದಕ್ಷಿಣ ಕರಾವಳಿಯ ಈ ಸಣ್ಣ ಊರಿನಲ್ಲಿ ಯಾರು ತೀರಿಕೊಂಡರು, ನಲ್ಲಿ ನೀರು ಯಾವಾಗ ನಿಲ್ಲುತ್ತದೆ, ಯಾರ ನಾಯಿ ಕಳೆದಿದೆ ಎಂಬುದೆಲ್ಲ ಮೊದಲು ತಿಳಿಯುವುದು ವಿಲ್ದಾ ಅವರ ಗಾಡಿಯಿಂದ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಬಾಸ್ಕೆಟ್‌ಬಾಲ್ ತಂಡ ಕಾರ್ಬೊನೆರೋಸ್ ಯಾವ ದಿನ ಯಾರ ವಿರುದ್ಧ ಆಡುತ್ತದೆ ಎಂಬುದು. ಹಿಂದೆ ಇಲ್ಲಿ ಇದ್ದಿಲು ಸುಟ್ಟು ಬದುಕುತ್ತಿದ್ದವರ ಹೆಸರೇ ತಂಡದ ಹೆಸರು. ಊರಿನ ಚಿಕ್ಕವರಿಗೆಲ್ಲ ವಿಲ್ದಾ ‘ತಿತಿ’, ಅಂದರೆ ಚಿಕ್ಕಮ್ಮ. ಹಾಗಿದ್ದೂ ದನಿ ಗೊತ್ತಿರುವ ಎಷ್ಟೋ ಜನರಿಗೆ ಅವರ ಮುಖದ ಗುರುತಿಲ್ಲ.

ಮೊದಲು ಕೂಗುತ್ತಿದ್ದವರು ಅವರ ಗಂಡ ಎರಿಬೆರ್ತೋ; ವಿಲ್ದಾ ಗಾಡಿ ಓಡಿಸುತ್ತಿದ್ದರು. ಗಂಟಲ ಕಾಯಿಲೆ ಗಂಡನ ದನಿಯನ್ನು ಕಿತ್ತುಕೊಂಡಾಗ ಇಬ್ಬರೂ ಸೀಟು ಬದಲಾಯಿಸಿದರು. “ಸಾವಿನ ಸುದ್ದಿ ಹೆಂಗಸಿನ ಬಾಯಲ್ಲಿ ಕೇಳ್ಬೇಕಾ ಅಂತ ಜನ ನಕ್ಕರು. ನಾನು ಕೂಗ್ತಾನೇ ಹೋದೆ. ನಗೋರು ಎಷ್ಟು ದಿನ ನಗ್ತಾರೆ?” ಗಂಡ ತೀರಿಕೊಂಡ ಮೇಲೆ ಸ್ಟೀರಿಂಗೂ ಅವರದೇ, ಮೈಕೂ ಅವರದೇ. ಚಂಡಮಾರುತ ಬಂದು ತಿಂಗಳುಗಟ್ಟಲೆ ವಿದ್ಯುತ್ ಇಲ್ಲದಾಗ, ನೀರಿನ ಲಾರಿ ಎಲ್ಲಿ ನಿಂತಿದೆ ಎಂದು ಓಣಿ ಓಣಿಗೆ ಹೇಳುತ್ತ ತಿರುಗಿದವರು ಇವರೊಬ್ಬರೇ. ಲಾರಿಯನ್ನು ಕಣ್ಣಾರೆ ಕಾಣದೆ ಒಮ್ಮೆಯೂ ಕೂಗಲಿಲ್ಲ. ‘ವಿಲ್ದಾ ಹೇಳಿದರೆ ನಿಜ’ ಎಂಬ ಮಾತು ಊರಿನಲ್ಲಿ ಹುಟ್ಟಿದ್ದು ಆಗ.

ಆ ಮಾತೇ ಈ ವರ್ಷದ ಆರಂಭದಲ್ಲಿ ಅವರ ಕೊರಳಿಗೆ ಉರುಳಾಗಿ ಬಂತು.

ಚಂಡಮಾರುತದ ನಂತರ ಕ್ರೀಡಾಂಗಣದ ಛಾವಣಿ ಸೋರತೊಡಗಿತ್ತು. ಕಳೆದ ಋತುವಿನಲ್ಲಿ ಮಳೆ ಅಂಗಳಕ್ಕೇ ಸುರಿದು ಎರಡು ಪಂದ್ಯಗಳು ಅರ್ಧಕ್ಕೆ ನಿಂತವು. ರಿಪೇರಿ ಪುರಸಭೆ ಮಾಡಿಸಲಿ ಎಂದರು ತಂಡದ ಮಾಲೀಕ ಆರಿಸ್ತಿದೆಸ್ ಲೂಗಾರೋ; ಮಾಲೀಕರೇ ಮಾಡಿಸಲಿ ಎಂದಿತು ಪುರಸಭೆ. ಅಷ್ಟರಲ್ಲಿ ತಂಡ ರಾಜಧಾನಿ ಸಾನ್ ಹುವಾನ್ ಕಡೆಯ ದೊಡ್ಡ ಕ್ರೀಡಾಂಗಣಕ್ಕೆ ಹೋಗುತ್ತದಂತೆ ಎಂಬ ಸುದ್ದಿ ಹಬ್ಬಿತು. ಬೇಕರಿಯಲ್ಲಿ, ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಅದೇ ಮಾತು. ವಿಲ್ದಾ ಗಾಡಿ ನಿಲ್ಲಿಸಿದಲ್ಲೆಲ್ಲ ಜನ ಸುತ್ತುವರಿದರು. “ತಿತಿ, ಹೋಗ್ತಾರಂತೆ, ಹೌದಾ? ನಮ್ಮಪ್ಪ ಅದೇ ಸೀಟಲ್ಲಿ ಕೂತು ಮುದುಕ ಆದ. ಈಗ ಎಲ್ಲಿ ಹೋಗಿ ಕೂರ್ಬೇಕು?”

ಸೀಸನ್ ಟಿಕೆಟ್ ಖರ್ಚಾಗುತ್ತಿರಲಿಲ್ಲ. ಲೂಗಾರೋ ವಿಲ್ದಾರನ್ನು ಕಚೇರಿಗೆ ಕರೆಸಿ, ಕೂಗಬೇಕಾದ ಮಾತನ್ನು ಹೇಳಿಕೊಟ್ಟರು: ತಂಡ ಎಲ್ಲಿಗೂ ಹೋಗುವುದಿಲ್ಲ, ಟಿಕೆಟ್ ಕೊಳ್ಳಿ.

“ದೋನ್ ಆರಿಸ್ತಿದೆಸ್, ಇದು ನಿಜವಾ?” ವಿಲ್ದಾ ‘ದೋನ್’ ಎಂದು ಗೌರವದಿಂದಲೇ ಕೇಳಿದರು.

“ಕೂಗೋದು ನಿಮ್ಮ ಕೆಲಸ ತಾನೇ, ದೋನ್ಯಾ ವಿಲ್ದಾ? ಕೂಗಿ.”

“ನಿಜವಾ ಅಂತ ಕೇಳ್ದೆ.”

ಮಾಲೀಕರು ಕಿಟಕಿಯ ಕಡೆ ತಿರುಗಿದರು. “ನಂಗೇ ಇನ್ನೂ ಗೊತ್ತಿಲ್ಲ.”

“ಹಾಗಾದ್ರೆ ಹಾಗೇ ಕೂಗ್ತೀನಿ.”

“ಹಾಗೆ ಕೂಗೋದಾದ್ರೆ ಈ ಕೆಲಸ ಮರ್ತುಬಿಡಿ.”

ತಂಡದ ಕೂಗಿನಿಂದಲೇ ವಿಲ್ದಾ ಅವರ ಅರ್ಧ ವರ್ಷದ ಜೀವನ ನಡೆಯುತ್ತದೆ. “ಹೆದರಿದ್ದೆ. ಇಲ್ಲ ಅಂತ ಯಾಕೆ ಹೇಳ್ಲಿ? ಮನೇಗೆ ಬಂದು ಅನ್ನ, ಬೀನ್ಸ್ ಬಡಿಸ್ಕೊಂಡೆ. ತಟ್ಟೆ ಹಾಗೇ ಮುಚ್ಚಿಟ್ಟೆ. ಸುಳ್ಳು ಕೂಗಿದ್ರೆ ನಾಳೆ ಯಾರದೋ ಸಾವು ಕೂಗಿದಾಗಲೂ ಜನ ಅನುಮಾನ ಪಡ್ತಾರಲ್ಲ, ಅದು ಬೇಡ ಅನ್ನಿಸ್ತು.”

ಮರುದಿನ ಬೆಳಿಗ್ಗೆ ಅವರ ಗಾಡಿ ಚೌಕಕ್ಕೆ ಬಂತು. ಹಿನ್ನೆಲೆಗೆ ಹಾಡಿಲ್ಲ, ಬರೀ ದನಿ. “ತಂಡ ಹೋಗುತ್ತೋ ಇರುತ್ತೋ ನಂಗೆ ಗೊತ್ತಿಲ್ಲ. ಮಾಲೀಕರಿಗೂ ಗೊತ್ತಿಲ್ಲವಂತೆ. ಛಾವಣಿ ಸೋರುತ್ತೆ, ಅದು ಮಾತ್ರ ಎಲ್ರಿಗೂ ಗೊತ್ತು. ಶನಿವಾರ ಬೆಳಿಗ್ಗೆ, ಏಣಿ ಇದ್ದೋರು ಏಣಿ ತನ್ನಿ. ಇಲ್ಲದೋರು ಕೈ ತನ್ನಿ.”

ತಂಡದ ಕೆಲಸ ಅಂದೇ ಹೋಯಿತು. ಪ್ರಚಾರ ರೇಡಿಯೊದವರ ಪಾಲಾಯಿತು.

ಶನಿವಾರ ಎಷ್ಟು ಜನ ಬರಬಹುದೆಂದು ವಿಲ್ದಾ ಅವರಿಗೂ ಅಂದಾಜಿರಲಿಲ್ಲ. ಏಣಿಗಳು ಹೆಚ್ಚಾಗಿ, ಅರ್ಧದಷ್ಟನ್ನು ಗೋಡೆಗೆ ಒರಗಿಸಿ ಇಡಬೇಕಾಯಿತು. ಕಾವಲುಗಾರ ಬೀಗ ತೆಗೆದು, ತಾನು ತೆಗೆದಿಲ್ಲವೆಂಬಂತೆ ದೂರ ಹೋಗಿ ನಿಂತ. ಪುರಸಭೆಯ ಅನುಮತಿ ಇಲ್ಲ ಎಂದು ಹೇಳಲು ಬಂದ ಪೊಲೀಸಿನವನು ಹೇಳುವುದನ್ನು ಹೇಳಿ ಮುಗಿಸಿ, ಟೋಪಿ ತೆಗೆದಿಟ್ಟು ಏಣಿ ಹಿಡಿದ. ಚೆಲೋ ಮೇಲಿನಿಂದ ಎಲ್ಲರನ್ನೂ ಬೈಯುತ್ತ ಕೆಲಸ ಮಾಡಿಸಿದ. “ಬಿರುಕು ಅಲ್ಲಿ ಕಣೋ, ಇಲ್ಲಿ ಬಳೀತಿದ್ದೀಯ! ಕೇಕಿಗೆ ಕೆನೆ ಹಚ್ತಿದ್ದೀಯಾ?” ಕೆಲಸ ಮುಗಿಯಲು ಇನ್ನೊಂದು ಶನಿವಾರ ಹಿಡಿಯಿತು. ಅಂದು ಮೇಯರ್ ಕೂಡ ಬಂದರು, ಫೋಟೋದವನ ಜೊತೆ.

ಲೂಗಾರೋ ಬಂದದ್ದು ಅದೇ ದಿನ ಸಂಜೆ. ಛಾವಣಿಯ ಮೇಲಿದ್ದವರನ್ನು ಬಹಳ ಹೊತ್ತು ನೋಡುತ್ತ ನಿಂತು, ಕೊನೆಗೆ ವಿಲ್ದಾ ಅವರ ಗಾಡಿಯ ಬಳಿಗೆ ನಡೆದರು.

“ಈ ವರ್ಷ ಇಲ್ಲೇ ಆಡ್ತೀವಿ. ಕರಾರಿಗೆ ಸಹಿ ಹಾಕಿ ಬಂದೆ.”

“ಮುಂದಿನ ವರ್ಷ?”

“ಅದು ಹೇಳೋಕಾಗಲ್ಲ.”

“ಸರಿ. ಅಷ್ಟೇ ಕೂಗ್ತೀನಿ.”

ಊರಲ್ಲೇ ನಡೆಯುವ ಪಂದ್ಯಗಳ ಕೂಗು ಮತ್ತೆ ವಿಲ್ದಾ ಅವರಿಗೇ ಬಂದಿದೆ. ತಂಡದ ಉಳಿದ ಪ್ರಚಾರ ಇನ್ನೂ ರೇಡಿಯೊದವರ ಬಳಿಯೇ ಇದೆ. ಅದರ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ.

ನಿನ್ನೆ ಮೊದಲ ಪಂದ್ಯ. ಸಂಜೆಯಿಂದಲೇ ಜೋರು ಮಳೆ. ಜನ ಅಂಗಳವನ್ನು ನೋಡುವ ಬದಲು ತಲೆ ಎತ್ತಿ ಛಾವಣಿಯನ್ನೇ ನೋಡುತ್ತ ಕುಳಿತಿದ್ದರು. ಒಂದು ಹನಿಯೂ ಒಳಗೆ ಬರಲಿಲ್ಲ. ಚೆಂಡೂ ಬುಟ್ಟಿಯೊಳಗೆ ಹೋಗಲಿಲ್ಲ. ಕಾರ್ಬೊನೆರೋಸ್ ಹೀನಾಯವಾಗಿ ಸೋತರು.

“ಇಂಥಾ ತಂಡಾನ ಸಾನ್ ಹುವಾನ್‌ನೋರು ಕದ್ಕೊಂಡು ಹೋಗ್ತಾರೆ ಅಂತ ಹೆದರಿದ್ವಲ್ಲ!” ಕಿಟಕಿಯಲ್ಲಿ ನಿಂತ ಚೆಲೋ ಹೇಳುತ್ತಾನೆ.

“ಸೋಲೋದಾದ್ರೂ ನಮ್ಮ ಕಣ್ಣೆದುರೇ ಸೋಲ್ಲಿ ಬಿಡು,” ಎನ್ನುತ್ತ ವಿಲ್ದಾ ಗಾಡಿಯಿಂದ ಇಳಿದು ಒದ್ದೆ ಬಟ್ಟೆ ಹಿಂಡುತ್ತಾರೆ. ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ಒಂದು ಸಲ ‘ನಾವು ಚಾಂಪಿಯನ್’ ಎಂದು ಕೂಗಬೇಕು ಎನ್ನುತ್ತಾರೆ. “ಆದ್ರೆ ಅದು ನಿಜ ಆಗ್ಬೇಕಲ್ಲ. ಸುಮ್ನೆ ಕೂಗೋಕಾಗುತ್ತಾ?”

ಗಾಡಿ ನಿಧಾನವಾಗಿ ಓಣಿ ದಾಟಿ ಚೌಕದ ಕಡೆ ತಿರುಗುತ್ತದೆ. ಬೇಕರಿಯ ಮುಂದೆ ಸಾಲು ನಿಂತವರು ಕಿವಿಗೊಡುತ್ತಾರೆ. ವಿಲ್ದಾ ಮೈಕು ಬಾಯಿಯ ಹತ್ತಿರ ಹಿಡಿಯುತ್ತಾರೆ.

“ನಿನ್ನೆ ಸೋತ್ವಿ. ಚೆನ್ನಾಗೇ ಸೋತ್ವಿ. ಗುರುವಾರ ಸಂಜೆ ಮತ್ತೆ ಆಟ.” ಆಮೇಲೆ ಇನ್ನಷ್ಟು ಗಟ್ಟಿಯಾಗಿ: “ಇಲ್ಲೇ. ನಮ್ಮೂರಲ್ಲೇ.”